ರಾಜ್ಯಾಧ್ಯಕ್ಷರು ನಮ್ಮ ಭಾವನವರು

ನಿಮ್ಮ ಮನೆಯಲ್ಲಿ ಯಾರಾದರೂ ರಾಜ್ಯಾಧ್ಯಕ್ಷರು ಇದ್ದಾರೆಯೇ? ಇಲ್ಲವೇ? ಹಾಗಾದರೆ ನೀವು ಪುಣ್ಯವಂತರು, ಕಾಶಿಗೆ ಬರುವ ಅಗತ್ಯವೂ ನಿಮಗಿಲ್ಲ. ನಮ್ಮ ಮನೆಗೆ ಒಬ್ಬರು ಗಂಟುಬಿದ್ದರು. ಬೇರೆ ಯಾರೂ ಅಲ್ಲ, ನನ್ನ ಗಂಡನ ಸ್ವಂತ ಅಣ್ಣ, ನನ್ನ ಭಾವನವರು. ಇಡೀ ಉತ್ತರಪ್ರದೇಶದಲ್ಲಿ ವ್ಯಾಪಾರ ಮಾಡಿಕೊಂಡಿರುವ ದಕ್ಷಿಣದವರ ಹಿತ ಕಾಯುವುದಕ್ಕೆ ಅಂತ ಅವರು ಒಂದು ಮಹಾಸಂಘ ಕಟ್ಟಿದರು. ಅದರ ಪೂರ್ತಿ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವರು ಅವರೊಬ್ಬರೇ. ಮಿಕ್ಕವರಿಗೆಲ್ಲ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಆ ಸಂಘ ಹುಟ್ಟಿದ್ದು ನನ್ನ ಅಡುಗೆಮನೆಯಲ್ಲಿ. ಅದರ ಸಭೆಗಳಿಗೆಲ್ಲ ಉಪ್ಪಿಟ್ಟು ಮಾಡಿ ಬಡಿಸಿದವಳು ನಾನು. ಅಂಥ ನನ್ನ ಅಡುಗೆಮನೆಗೇ ಬೀಗ ಬೀಳುವ ಕಾಲ ಬಂದಾಗ ರಾಜ್ಯಾಧ್ಯಕ್ಷರು ಏನು ಮಾಡಿದರು ಗೊತ್ತೇ? ಶಾಲು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು! ಆ ಹೊಟ್ಟೆಯುರಿಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನೀವು ಸಿಕ್ಕಿದ್ದೀರಿ, ಕೇಳಿ.

ನಾನು ಹಾಸನದ ಕಡೆಯವಳು. ಎಲ್ಲರೂ ಸಂಸಾರ ಮುಗಿಸಿಕೊಂಡು ಕಾಶಿಗೆ ಬಂದರೆ ನಾನು ಸಂಸಾರ ಶುರುಮಾಡುವುದಕ್ಕೆ ಬಂದೆ. ನನ್ನ ಗಂಡ ಪುರೋಹಿತರು. ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಕೇದಾರ ಘಾಟಿನಲ್ಲಿ ಸಂಕಲ್ಪ, ತರ್ಪಣ, ಶ್ರಾದ್ಧ ಮಾಡಿಸುತ್ತಾರೆ. ಬಂಗಾಲಿ ಟೋಲಾದ ಗಲ್ಲಿಯಲ್ಲಿ ನಮ್ಮ ಮನೆ. ಅದರ ಕೆಳಗಿನ ಕೋಣೆಯಲ್ಲಿ ನಾನು ಒಂದು ಊಟದ ಮನೆ ನಡೆಸುತ್ತೇನೆ. ಬೆಳಿಗ್ಗೆ ಕಾಫಿ, ತಿಂಡಿ; ಮಧ್ಯಾಹ್ನ ಅನ್ನ, ಸಾರು, ಪಲ್ಯ. ಬಂದ ಹೊಸದರಲ್ಲಿ ನನಗೆ ಹಿಂದಿ ಬರುತ್ತಿರಲಿಲ್ಲ. ನನ್ನ ಮಗಳಿಗೆ ಈಗ ಹಿಂದಿ ಬಿಟ್ಟು ಬೇರೆ ಬರುವುದಿಲ್ಲ. ನಾನು ಕನ್ನಡದಲ್ಲಿ ಗದರಿದರೆ ಅವಳು ಹಿಂದಿಯಲ್ಲಿ ಮುನಿಸಿಕೊಳ್ಳುತ್ತಾಳೆ. ಗಂಡನಂತೂ ದಿನವಿಡೀ ಸಂಸ್ಕೃತ ಮಾತಾಡಿ ಸುಸ್ತಾಗಿ ಬಂದು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೀಗಿರುವಾಗ ಆ ಊಟದ ಮನೆ ಇಲ್ಲದಿದ್ದರೆ ನನ್ನ ಗತಿಯೇನು? ಬೀದರಿನ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ, ಎಲ್ಲವೂ ನನ್ನ ಹೊಸ್ತಿಲಿಗೆ ಬಂದು "ಇನ್ನೊಂದ್ ಸ್ವಲ್ಪ ಸಾರು ಹಾಕ್ರಿ" ಅನ್ನುತ್ತಿದ್ದವು. ಅದನ್ನು ಕೇಳಿಯೇ ನಾನು ಇಲ್ಲಿ ಬಾಳಿದ್ದು.

ಭಾವನವರು ಬ್ರಹ್ಮಚಾರಿ. ಪೌರೋಹಿತ್ಯ ತಮಗೆ ಒಗ್ಗುವುದಿಲ್ಲ ಅಂತ ಚಿಕ್ಕಂದಿನಲ್ಲೇ ಘೋಷಿಸಿ ನಮ್ಮ ಮನೆಯ ಹಿಂಭಾಗದಲ್ಲೇ ಅಂಗಡಿ ಹಾಕಿದವರು. ಗಂಗಾಜಲ ತುಂಬಿ ಬಾಯಿ ಬೆಸೆದ ತಾಮ್ರದ ಗಿಂಡಿ, ಕಾಶಿದಾರ, ಅಂಗೈಯಲ್ಲಿ ಹಿಡಿಯುವಷ್ಟು ಅನ್ನಪೂರ್ಣೆ, ಇವು ಅವರ ಸರಕು. ವಿಶ್ವನಾಥ ಗಲ್ಲಿಯ ಅಂಗಡಿಯವರು ಗಿರಾಕಿಯ ಕೈ ಹಿಡಿದು ಎಳೆದರೆ ನಮ್ಮ ಭಾವ ಗಿರಾಕಿಯನ್ನು ಪರೀಕ್ಷೆ ಮಾಡಿ ಒಳಗೆ ಬಿಟ್ಟುಕೊಳ್ಳುತ್ತಿದ್ದರು. "ಗಿಂಡಿ ತಗೊಂಡು ಹೋಗಿ ಎಲ್ಲಿಡ್ತೀರಿ? ಶೋಕೇಸಿನಲ್ಲೋ, ದೇವರ ಮನೆಯಲ್ಲೋ?" ಶೋಕೇಸ್ ಅಂದರೆ ಕೊಡುತ್ತಿರಲಿಲ್ಲ. ಇಂಥವರು ವ್ಯಾಪಾರಿಗಳ ಹಿತ ಕಾಯಲು ಹೊರಟರೆ ಹೇಗಿರುತ್ತದೆ, ನೀವೇ ಊಹಿಸಿಕೊಳ್ಳಿ!

ಮಹಾಸಂಘ ಹುಟ್ಟಿದ ಬಗೆ ಹೀಗೆ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಇಲ್ಲಿ ಬಿಟ್ಟು ಹೋಗಬೇಕು ಅನ್ನುವ ಪದ್ಧತಿ ನಿಮಗೆ ಗೊತ್ತೇ ಇದೆ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಸೀಬೆಹಣ್ಣು. ಬಿಟ್ಟ ಮೇಲೆ ಜೀವಮಾನವಿಡೀ ಅದನ್ನು ಮುಟ್ಟುವಂತಿಲ್ಲ. ಒಂದು ದಿನ ಅರಸೀಕೆರೆ ಕಡೆಯ ಒಂದು ಬಸ್ಸಿನ ಜನ ಬಂದರು. ಸ್ನಾನ ಮುಗಿಸಿ ನೇರ ನಿಮ್ಮಲ್ಲಿಗೇ ಬರುತ್ತೇವೆ, ಮೊದಲು ಕಾಫಿ ಕೊಡಿ, ಆಮೇಲೆ ಮಾತು ಅಂತ ಹೇಳಿ ಘಾಟಿಗೆ ಹೋದರು. ಊರು ಬಿಟ್ಟಾಗಿನಿಂದ ಒಳ್ಳೆಯ ಕಾಫಿ ಕಾಣದವರು, ಪಾಪ! ನಾನು ದೊಡ್ಡ ಫಿಲ್ಟರಿಗೆ ಡಿಕಾಕ್ಷನ್ ಹಾಕಿ, ಗಟ್ಟಿ ಹಾಲು ಕಾಯಿಸಿ, ಲೋಟಗಳನ್ನು ಸಾಲಾಗಿ ಜೋಡಿಸಿಕೊಂಡು ಕಾದೆ.

ಅತ್ತ ಘಾಟಿನಲ್ಲಿ ಏನಾಯಿತು? ನನ್ನ ಗಂಡ ಎಂದಿನಂತೆ, "ನಿಮಗೆ ಪ್ರಿಯವಾದದ್ದೊಂದನ್ನು ಬಿಡಿ" ಅಂದರು. ಮುಂದೆ ನಿಂತಿದ್ದ ಒಬ್ಬ ಹೆಂಗಸು ಕಣ್ಣು ಮುಚ್ಚಿ, "ಕಾಫಿ" ಅಂದುಬಿಟ್ಟಳಂತೆ. ಅವಳ ವಾರಗಿತ್ತಿಗೆ ಅದು ಚುಚ್ಚಿತು. ಅವಳೇ ಕಾಫಿ ಬಿಟ್ಟ ಮೇಲೆ ತಾನು ಸೋರೆಕಾಯಿ ಬಿಟ್ಟರೆ ಮರ್ಯಾದೆ ಉಳಿಯುತ್ತದೆಯೇ? "ನಾನೂ ಕಾಫಿ!" ಆಮೇಲೆ ಗಂಡಸರು. ಹೆಂಗಸರೇ ಬಿಟ್ಟ ಮೇಲೆ ಅವರು ಹಿಂದೆ ಸರಿಯುವುದುಂಟೆ? ಗಂಗೆಯಲ್ಲಿ ಸೊಂಟದಮಟ್ಟ ನಿಂತುಕೊಂಡು ಇಡೀ ಬಸ್ಸು ಕಾಫಿ ಬಿಟ್ಟಿತು!

ಅವರು ಬಂದು ನನ್ನ ಬೆಂಚುಗಳ ಮೇಲೆ ಕೂತರು. ನಾನು ನೊರೆ ಎಬ್ಬಿಸಿ ಕಾಫಿ ತಂದಿಟ್ಟೆ. ಯಾರೂ ಮುಟ್ಟಲಿಲ್ಲ. ಒಬ್ಬರು ಮೂಗನ್ನು ಮಾತ್ರ ಲೋಟದ ಹತ್ತಿರ ತಂದು ದೀರ್ಘವಾಗಿ ಉಸಿರೆಳೆದುಕೊಂಡರು. ವಾರಗಿತ್ತಿ ಕಣ್ಣೊರೆಸಿಕೊಂಡಳು. ಕೊನೆಗೆ ಒಬ್ಬ ಯಜಮಾನರು ಮೆಲ್ಲಗೆ, "ಅಮ್ಮಾ, ಟೀ ಸಿಗುತ್ತಾ?" ಅಂದರು. ನನ್ನಲ್ಲಿ ಟೀ ಎಲ್ಲಿ ಬರಬೇಕು? ಎಲ್ಲರೂ ಎದ್ದು ಗಲ್ಲಿಯ ತಿರುವಿನ ಚಾಯ್ ಅಂಗಡಿಗೆ ಹೋದರು. ನಾನು ಅಷ್ಟೂ ಕಾಫಿಯನ್ನು ನೋಡುತ್ತಾ ನಿಂತೆ. ಅಳು ಬಂತು, ನಿಜ ಹೇಳುತ್ತೇನೆ.

ಆಗ ಬಂದರು ನಮ್ಮ ಭಾವ. ವಿಷಯ ಕೇಳಿದ್ದೇ ಕೆಂಡವಾದರು. "ಏನು ಅನ್ಯಾಯ ಇದು! ಒಂದೇ ಮನೇಲಿ ಹೆಂಡತಿ ಕಾಫಿ ಕಾಯಿಸ್ತಾಳೆ, ಗಂಡ ಕಾಫಿ ಬಿಡಿಸ್ತಾನೆ! ಇದು ವ್ಯಾಪಾರದ ಮೇಲೆ ನಡೆದಿರೋ ದಾಳಿ ಕಣಮ್ಮಾ! ಇವತ್ತು ನಿನ್ನ ಕಾಫಿ, ನಾಳೆ ನನ್ನ ಗಿಂಡಿ!"

"ಗಿಂಡಿ ಯಾರು ತಿಂತಾರೆ ಭಾವ?" ಅಂದೆ.

ಕೇಳಿಸಿಕೊಳ್ಳಲಿಲ್ಲ. ಒಂದಾದ ಮೇಲೊಂದರಂತೆ ಲೋಟ ಎತ್ತಿ ಕುಡಿಯುತ್ತಾ ಯೋಚನೆ ಮಾಡಿದರು. ಸಾಲಿನ ಅರ್ಧ ಖಾಲಿಯಾಗುವ ಹೊತ್ತಿಗೆ ಮಹಾಸಂಘದ ಸ್ಥಾಪನೆಯಾಗಿತ್ತು. ಆ ದಿನ ಅವರಿಗೆ ರಾತ್ರಿಯಿಡೀ ನಿದ್ದೆ ಬಾರದೆ ಹೋದದ್ದನ್ನು ದೇಶಸೇವೆಯ ಕಾವು ಅಂತ ಅವರು ಈಗಲೂ ನಂಬಿದ್ದಾರೆ.

ಸರಿ, ಸಂಘ ಅಂದರೆ ಗಲ್ಲಿಗೊಂದು ಸಂಘ ಸಾಲದೇ? ಸಾಲದು! "ಗಲ್ಲಿ ಸಂಘದವರಿಗೆ ಕಚೇರಿಗಳಲ್ಲಿ ನಿಂತ್ಕೋ ಅಂತಾರೆ. ಊರಿನ ಸಂಘಕ್ಕೆ ಬೆಂಚು ತೋರಿಸ್ತಾರೆ. ರಾಜ್ಯ ಸಂಘ ಅಂದ್ರೇನೇ ಕುರ್ಚಿ!" ಹಾಗಾಗಿ ಬೇರೆ ಬೇರೆ ಜಿಲ್ಲೆಗಳ ಸದಸ್ಯರು ಬೇಕಾದರು. ಭಾವ ಅಂಗಡಿ ಮುಚ್ಚಿ ಬಸ್ಸು ಹತ್ತಿದರು. ಪ್ರಯಾಗದಲ್ಲಿ ಬಾಳೆ ಎಲೆ ಮಾರುವ ಒಬ್ಬ ತೆಲುಗಿನವನು ಸಿಕ್ಕಿದ. ಲಖನೌದಲ್ಲಿ ಅಗರಬತ್ತಿಯ ಒಬ್ಬ ತಮಿಳಿನವರು. ಕಾನ್ಪುರದಲ್ಲಿ ಒಂದು ಇಡ್ಲಿ ಹೋಟೆಲು ಕಂಡಿತು. ಮಾಲೀಕ ಗೋರಖಪುರದವನು, ವಿಂಧ್ಯ ಪರ್ವತವನ್ನು ಚಿತ್ರದಲ್ಲಿಯೂ ನೋಡಿದವನಲ್ಲ. ಅವನನ್ನೂ ಸೇರಿಸಿಕೊಂಡರು.

"ಅವನು ಹೇಗೆ ದಕ್ಷಿಣದವನಾದ ಭಾವ?"

"ಇಡ್ಲಿ ಮಾಡ್ತಾನಲ್ಲ? ಇಡ್ಲಿ ನೋಡು, ಜಾತಕ ನೋಡಬೇಡ."

ಆ ಇಡ್ಲಿಯನ್ನು ನಾನು ಆಮೇಲೆ ನೋಡಿದೆ. ಜಾತಕವನ್ನೇ ನೋಡಬೇಕಿತ್ತು.

ಅತ್ಯಂತ ಉತ್ಸಾಹದ ಸದಸ್ಯ ಅಂದರೆ ನಮ್ಮ ತರಕಾರಿಯವನು. ರಾಮನಗರದಿಂದ ಸೇತುವೆ ದಾಟಿ ಗಾಡಿಯಲ್ಲಿ ತರಕಾರಿ ತಂದು ನಮ್ಮ ಗಲ್ಲಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾನೆ. ಅವನು ಒಂದು ದಿನ ಭಾವನವರ ಮುಂದೆ ಹಾಗಲಕಾಯಿ ಬುಟ್ಟಿ ತಂದು ಕುಕ್ಕಿದ. "ಕಾ ಗುರೂ! ಸಬ ಲೋಗ ಕರೇಲೇ ಛೋಡತ ಹೌ! ಹಮ ಕಾ ಬೇಚೀಂ?" ಬರುವ ಯಾತ್ರಿಕರೆಲ್ಲ ಹಾಗಲಕಾಯಿಯನ್ನೇ ಬಿಡುತ್ತಾರೆ, ನಾನೇನು ಮಾರಲಿ ಅಂತ ಅವನ ಗೋಳು. ನ್ಯಾಯವೇ! ಇಷ್ಟವಾದದ್ದನ್ನು ಬಿಡಿ ಅಂದರೆ ನಮ್ಮ ಜನ ಕಷ್ಟವಾದದ್ದನ್ನು ಬಿಡುತ್ತಾರೆ. ಭಾವ ಅಲ್ಲೇ ಅವನಿಗೆ ಸದಸ್ಯತ್ವ ಕೊಟ್ಟರು. ನಾನು ಹಣೆ ಚಚ್ಚಿಕೊಂಡೆ.

"ರಾಮನಗರ ನಮ್ಮ ಮನೆಯಿಂದ ಯಾವ ದಿಕ್ಕಿಗೆ?" ಅಂತ ಭಾವ ನನ್ನನ್ನೇ ಕೇಳಿದರು.

"ದಕ್ಷಿಣಕ್ಕೆ."

"ಮತ್ತೆ?" ಅಂದರು. ಅಲ್ಲಿಗೆ ಮುಗಿಯಿತು.

ಇನ್ನು ಮಹಾಸಂಘದ ಕೆಲಸ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನಮ್ಮ ಧಾರವಾಡದ ಪ್ರೊಫೆಸರರು ಭಾನುವಾರ ದೋಸೆಗೆ ಬರುತ್ತಾರೆ. ಅವರು ಒಮ್ಮೆ, "ಅಲ್ರೀ, ನಿಮ್ಮ ಸಂಘದ ಉದ್ದೇಶ ಏನು? ಒಂದು ಮಾತಿನಾಗ ಹೇಳ್ರಿ ನೋಡೋಣ" ಅಂದರು. ಭಾವ ತಡಮಾಡದೆ, "ಯಾರೂ ಏನೂ ಬಿಡಬಾರದು" ಅಂದರು. ಪ್ರೊಫೆಸರರು ಆ ಭಾನುವಾರ ಎರಡನೆಯ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಆದರೆ ಪದ್ಧತಿಯನ್ನು ನಿಲ್ಲಿಸುವುದಕ್ಕೆ ಸಾಧ್ಯವೇ? ನನ್ನ ಗಂಡ ಖಡಾಖಂಡಿತವಾಗಿ ಇಲ್ಲ ಅಂದರು. ಅದಕ್ಕೆ ಭಾವ ಮಧ್ಯದ ಹಾದಿ ಕಂಡುಹಿಡಿದರು. ಬೆಳಿಗ್ಗೆ ಮೈಸೂರು ಪೇಟ ಸುತ್ತಿಕೊಂಡು ಘಾಟಿನ ಮೇಲಿನ ಮೆಟ್ಟಿಲಲ್ಲಿ ನಿಂತುಬಿಡುತ್ತಿದ್ದರು. ಕನ್ನಡ ಕಿವಿಗೆ ಬಿದ್ದರೆ ಸಾಕು, "ಏನು ಬಿಡಬೇಕು ಅಂತ ತೀರ್ಮಾನ ಆಯ್ತಾ?" ಅಂತ ತಡೆಯುವುದು. ಯಾವ ಸದಸ್ಯರೂ ಮಾರದ ವಸ್ತುವನ್ನು ಸೂಚಿಸುವುದು. ಗದಗಿನ ಒಬ್ಬ ಅಜ್ಜಿಗೆ ಆಲಿವ್ ಬಿಡಿಸಿದರು!

"ಅದ್ಯಾವ ಹಣ್ಣಪಾ? ನಾ ನೋಡೇ ಇಲ್ಲಲ್ಲ?" ಅಂತ ಅಜ್ಜಿ.

"ನೋಡಿಲ್ಲದಿದ್ರೆ ಬಿಡೋದು ಸಲೀಸು."

ನನ್ನ ಗಂಡನಿಗೆ ಸಿಟ್ಟು ಬರದೇ ಇರುತ್ತದೆಯೇ? "ಅಣ್ಣಾ, ತಿಂದೇ ಇಲ್ಲದ್ದನ್ನ ಬಿಟ್ರೆ ಅದು ತ್ಯಾಗ ಹೇಗಾಗುತ್ತೆ?"

"ಮುಂದೆ ತಿನ್ನಬಹುದಾಗಿತ್ತಲ್ಲ? ಅದು ಮುಂಗಡ ತ್ಯಾಗ!"

ಎಲ್ಲರೂ ಆ ಅಜ್ಜಿಯಷ್ಟು ಸಾಧುಗಳಾಗಿರಲಿಲ್ಲ. ಒಬ್ಬ ನಿವೃತ್ತ ಹೆಡ್‌ಮಾಸ್ತರರು ಭಾವನವರ ಉಪನ್ಯಾಸವನ್ನು ಪೂರ್ತಿ ಕೇಳಿ, ನೀರಿಗಿಳಿದು, ಮೇಲೆ ಬಂದು, "ಬಿಟ್ಟೆ" ಅಂದರು. ಏನು ಬಿಟ್ಟಿರಿ ಅಂದರೆ, "ಇನ್ನೊಬ್ಬರ ಸಲಹೆ ಕೇಳೋದನ್ನ" ಅಂದರು. ದಾವಣಗೆರೆಯ ಒಂದು ದಂಪತಿಗೆ ಭಾವ ಸಿಟ್ಟು ಬಿಡಲು ಹೇಳಿದರು. ಸಿಟ್ಟಿಗೆ ಅಂಗಡಿಯಿಲ್ಲ, ಅದನ್ನು ಮಾರುವ ಸದಸ್ಯರಿಲ್ಲ, ಧಾರಾಳವಾಗಿ ಬಿಡಬಹುದು! ಇಬ್ಬರೂ ಸಂಕಲ್ಪ ಮಾಡಿ ಬಂದು ನನ್ನಲ್ಲಿ ಊಟಕ್ಕೆ ಕೂತರು. ಯಾರು ಮೊದಲು ಸಿಟ್ಟು ಬಿಟ್ಟದ್ದು ಅನ್ನುವ ವಿಷಯಕ್ಕೆ ಜಗಳ ಹತ್ತಿತು. ಉಪ್ಪಿನಕಾಯಿಯ ಜಾಡಿ ನನ್ನದು ಹೋಯಿತು.

ಇಷ್ಟೆಲ್ಲ ಮಾಡಿ ಕಾಫಿ ಉಳಿಯಿತೇ? ಅದನ್ನೂ ಕೇಳಿ. ಕಾಶಿಯಲ್ಲಿ ಭಾವ ಕಾಪಾಡಿ ಕಳಿಸಿದ ಯಾತ್ರಿಕರು ಮಾರನೆಯ ದಿನ ಗಯೆಗೆ ಹೋಗಿ, ಅಲ್ಲಿನ ಆಲದ ಮರದ ಕೆಳಗೆ ನಿಂತು ಕಾಫಿ ಬಿಟ್ಟು ಬರುತ್ತಿದ್ದರು! ಭಾವ ಕೈ ಚೆಲ್ಲಿದರು. "ಗಯೆ ಬಿಹಾರಕ್ಕೆ ಸೇರಿದ್ದು ಕಣಮ್ಮಾ. ನಮ್ಮದು ಉತ್ತರಪ್ರದೇಶ ರಾಜ್ಯ ಸಂಘ. ನಮಗೆ ಅಲ್ಲಿ ಅಧಿಕಾರ ಇಲ್ಲ."

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಒಂದು ಸಭೆಯಲ್ಲಿ, ನಾನು ಬೋಂಡಾ ಕರಿಯುತ್ತಿರುವಾಗ, ತರಕಾರಿಯವನು ಎದ್ದು ನಿಂತು ಒಂದು ಮಾತಾಡಿದ. "ಈ ಸಂಘ ತೋ ಸಬ ಭಾಭೀ ಕೇ ಕಾಫೀ ಖಾತಿರ ಹೌ." ಇಡೀ ಸಂಘ ಇರುವುದೇ ಅತ್ತಿಗೆಯ ಕಾಫಿಗಾಗಿ ಅಂತ! ಕೆಲವರು ನಕ್ಕರು. ಭಾವನವರ ಮುಖ ಕಪ್ಪಿಟ್ಟಿತು. ಅವರನ್ನು ಹುಚ್ಚರು ಅಂದರೆ ತಡೆದುಕೊಳ್ಳುತ್ತಾರೆ, ಪಕ್ಷಪಾತಿ ಅಂದರೆ ಇಲ್ಲ. ನಿಂತ ನಿಲುವಿನಲ್ಲೇ ಒಂದು ನಿಯಮ ಮಾಡಿದರು: ಅಧ್ಯಕ್ಷರ ಮನೆಯವರ ಯಾವ ಅಹವಾಲನ್ನೂ ಮಹಾಸಂಘ ಯಾವ ಕಚೇರಿಯಲ್ಲೂ, ಯಾವ ಕಾಲಕ್ಕೂ ಎತ್ತತಕ್ಕದ್ದಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ! ಕೈಯಲ್ಲಿ ಕಡಲೆಹಿಟ್ಟಿತ್ತು, ಸೆರಗಿಗೆಲ್ಲ ಸಿಡಿಯಿತು. ನನಗೇನು ಗೊತ್ತಿತ್ತು?

ಆಮೇಲೆ ಒಂದು ಬೇಸಿಗೆಯಲ್ಲಿ ಹೊಸ ನಿಯಮ ಬಂತು. ಇಕ್ಕಟ್ಟು ಗಲ್ಲಿಗಳಲ್ಲಿ ಗ್ಯಾಸ್ ಹಚ್ಚಿ ಮಾರಾಟಕ್ಕೆ ಅಡುಗೆ ಮಾಡುವ ಜಾಗಕ್ಕೆ ಎರಡು ಬಾಗಿಲು ಇರಲೇಬೇಕು, ಎರಡೂ ಬೇರೆ ಬೇರೆ ಗಲ್ಲಿಗೆ ತೆರೆಯಬೇಕು, ಇಲ್ಲದಿದ್ದರೆ ಒಲೆ ಆರಿಸಿ ರಾಮನಗರದ ಕಡೆಗೆ ಹೋಗಬೇಕು. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿ ನಮ್ಮದು. ಬೆಂಕಿ ಬಿದ್ದರೆ ದೇವರೇ ಗತಿ. ಆದರೆ ನನ್ನ ಅಡುಗೆಮನೆಗೆ ಇರುವುದು ಒಂದೇ ಬಾಗಿಲು. ಒಂದು ಕಡೆ ಗುಡಿಯ ಗೋಡೆ, ಒಂದು ಕಡೆ ಮೆಟ್ಟಿಲು. ಹಿಂದಿನ ಗೋಡೆಯ ಆಚೆಗೆ ಭಾವನವರ ಅಂಗಡಿ. ಅದರ ಬಾಗಿಲು ಹಿಂದಿನ ಅಗಲದ ಗಲ್ಲಿಗೆ. ನಮ್ಮ ಮಾವನವರು ಇಬ್ಬರು ಮಕ್ಕಳಿಗೂ ಪಾಲು ಮಾಡಿಕೊಟ್ಟಾಗ ಎಬ್ಬಿಸಿದ ಅಡ್ಡಗೋಡೆ ಅದು. ಆ ಅಂಗಡಿಯೋ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು. ಅದರೊಳಗೆ ದಾರಿ ಬಿಟ್ಟರೆ ಅಂಗಡಿ ಅನ್ನುವುದೇ ಇರುವುದಿಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಅವರಿಗೆ ಅಂತ ಈ ಲೋಕದಲ್ಲಿ ಇದ್ದದ್ದು ಆ ಅಂಗಡಿ. ಅದನ್ನು ಕೇಳುವ ಯೋಚನೆ ನನಗೂ ಬರಲಿಲ್ಲ, ನನ್ನ ಗಂಡನಿಗೂ ಬರಲಿಲ್ಲ.

ರಾಮನಗರಕ್ಕೆ ಹೋಗಿ ಏನು ಮಾಡಲಿ ಹೇಳಿ? ಕೇದಾರ ಘಾಟಿನಲ್ಲಿ ಮುಳುಗಿ ನಡುಗುತ್ತಾ ಬರುವವರು ಬಿಸಿ ತಿಂಡಿಗೆ ಸೇತುವೆ ದಾಟಿ ಬರುತ್ತಾರೆಯೇ? ನನ್ನ ಊಟದ ಮನೆ ಮುಗಿದ ಹಾಗೇ. ಇನ್ನು ಮೇಲೆ ನಾನು ಗೋಡೆಯ ಜೊತೆ ಕನ್ನಡ ಮಾತಾಡಬೇಕು. ಆದರೂ ಒಂದು ಆಸೆ ಇತ್ತು. ಅಹವಾಲು ಕೇಳುವುದಕ್ಕೆ ಅಧಿಕಾರಿಗಳು ಒಂದು ಸಭೆ ಕರೆದಿದ್ದರು, ಅದರಲ್ಲಿ ಮಾತಾಡುವ ಅವಕಾಶ ರಾಜ್ಯಮಟ್ಟದ ಸಂಘಗಳಿಗೆ ಮಾತ್ರ! ಇಷ್ಟು ದಿನ ಬೋಂಡಾ ಕರಿದದ್ದು ಸಾರ್ಥಕವಾಯಿತು ಅಂದುಕೊಂಡೆ. ಭಾವ ಪೇಟ ಸುತ್ತಿ, ಶಾಲು ಹೊದ್ದು ಹೊರಟರು. ನಾನು ಹಿಂದೆಯೇ ಹೋಗಿ ಕೊನೆಯ ಸಾಲಿನಲ್ಲಿ ಕೂತೆ.

ಭಾವನವರಿಗೆ ಕುರ್ಚಿ ಕೊಟ್ಟರು. ಸುಳ್ಳು ಹೇಳಬಾರದು, ಆ ದಿನ ಅವರು ಸೊಗಸಾಗಿ ಮಾತಾಡಿದರು. ತರಕಾರಿಯವನ ಬುಟ್ಟಿಗೆ ಗಲ್ಲಿಯಲ್ಲಿ ಜಾಗ ಕೇಳಿದರು, ಅಧಿಕಾರಿ ಒಪ್ಪಿದರು. ಗಲ್ಲಿಯ ಹೂವಿನವಳ ತಟ್ಟೆಗೆ ನೆರಳು ಕೇಳಿದರು, ಒಪ್ಪಿದರು. ಚಾಯ್ ಅಂಗಡಿಗೆ, ಹೌದು, ನನ್ನ ಗಿರಾಕಿಗಳನ್ನು ನುಂಗಿದ ಅದೇ ಚಾಯ್ ಅಂಗಡಿಗೆ, ಪಕ್ಕದ ಕಿಟಕಿಯನ್ನು ಬಾಗಿಲು ಮಾಡಿಕೊಳ್ಳಲು ಸಮಯ ಕೇಳಿದರು, ಅದಕ್ಕೂ ಒಪ್ಪಿದರು! ಆಮೇಲೆ ಅಧಿಕಾರಿ ತಲೆಯೆತ್ತಿ, ಇನ್ನೇನಾದರೂ ಉಂಟೇ ಅನ್ನುವಂತೆ, "ಔರ್ ಕುಛ್, ಅಧ್ಯಕ್ಷ್‌ಜೀ?" ಅಂದರು.

ಭಾವ ತಿರುಗಿ ನನ್ನನ್ನು ನೋಡಿದರು. ನಾನು ಕೊನೆಯ ಸಾಲಿನಿಂದ ಎರಡು ಬೆರಳು ತೋರಿಸಿದೆ, ಕೈಯಲ್ಲಿ ಬಾಗಿಲು ತೆರೆದು ತೋರಿಸಿದೆ, ಒಲೆ ಊದಿ ತೋರಿಸಿದೆ. ಪಕ್ಕದಲ್ಲಿ ಕೂತಿದ್ದವರು ನನಗೆ ಮೈ ಹುಷಾರಿಲ್ಲ ಅಂತ ನೀರು ಕೊಟ್ಟರು.

"ಬಸ್, ಇತನಾ ಹೀ" ಅಂದರು ಭಾವ. ಇಷ್ಟೇ! ಶಾಲು ಸರಿಮಾಡಿಕೊಂಡು ಕೂತರು.

ಹೊರಗೆ ಬಂದು ಇ-ರಿಕ್ಷಾ ಹತ್ತಿದ ಮೇಲೆ ಶುರುಮಾಡಿದೆ ನೋಡಿ! ಗೋದೌಲಿಯಾ ಚೌಕದ ಆ ಗದ್ದಲವೂ ನನ್ನ ಬಾಯಿಗೆ ಸಮವಾಗಲಿಲ್ಲ. "ಹೂವಿನವಳಿಗೆ ನೆರಳು ಕೊಡಿಸಿದ್ರಿ, ಚಾಯ್‌ವಾಲಾಗೆ ಬಾಗಿಲು ಕೊಡಿಸಿದ್ರಿ, ಮನೆಯವಳು ಕಣ್ಣಿಗೆ ಕಾಣಲಿಲ್ವಾ ಭಾವ? ಇಷ್ಟು ವರ್ಷ ಯಾರ ಕೈ ಅನ್ನ ಉಂಡ್ರಿ?"

"ನಿಯಮ ಇದೆಯಲ್ಲ ಕಣಮ್ಮಾ" ಅಂದರು, ರಸ್ತೆ ನೋಡುತ್ತಾ. "ನೀನೂ ಚಪ್ಪಾಳೆ ತಟ್ಟಿದ್ದೆ."

ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟೆ. ತಟ್ಟೆಯನ್ನು ದೊಪ್ಪನೆ ಇಟ್ಟು ಹೋಗುತ್ತಿದ್ದೆ. ಒಂದು ದಿನ ಬಾಯಿ ತಡೆಯದೆ, "ಇಲ್ಯಾಕೆ ಊಟ ಮಾಡ್ತೀರಿ, ಕಾನ್ಪುರಕ್ಕೆ ಹೋಗಿ ಆ ಇಡ್ಲಿ ತಿನ್ನಿ" ಅಂದೆ. ಅವರು ಸುಮ್ಮನೆ ಮಜ್ಜಿಗೆ ಕಲಸಿಕೊಂಡು ಉಂಡು, ತಟ್ಟೆ ತೊಳೆದಿಟ್ಟು ಎದ್ದು ಹೋದರು. ದೊಡ್ಡಪ್ಪನಿಗೆ ಹಾಗನ್ನಬೇಡ ಅಂತ ಮಗಳು ನನ್ನ ಮೇಲೆ ರೇಗಿದಳು. "ಬಡೇ ಪಾಪಾ ಕೋ ಐಸೇ ಮತ್ ಬೋಲೋ ಅಮ್ಮಾ." ನಾನು ಅವಳಿಗೂ ಬೈದೆ. ಆ ದಿನಗಳಲ್ಲಿ ಅವರು ಘಾಟಿಗೂ ಹೋಗುತ್ತಿರಲಿಲ್ಲ, ಸಭೆಯನ್ನೂ ಕರೆಯಲಿಲ್ಲ. ನಾಚಿಕೆಯಾಗಿರಬೇಕು, ಆಗಲಿ ಅಂತ ಒಳಗೊಳಗೇ ಖುಷಿಪಟ್ಟೆ.

ಪರಿಶೀಲನೆಗೆ ಬರುವವರು ನಾಳೆ ಬರುತ್ತಾರೆ ಅನ್ನುವ ದಿನ ಬಂತು. ಅವತ್ತು ಬೆಳಗಾವಿ ಕಡೆಯ ಒಂದು ತಂಡ ಊಟಕ್ಕೆ ಹೇಳಿತ್ತು. ಇದೇ ಕೊನೆಯ ಅಡುಗೆ ಅಂದುಕೊಂಡು ತೊವ್ವೆಗೆ ಒಗ್ಗರಣೆ ಹಾಕುತ್ತಿದ್ದೆ. ಕಣ್ಣೀರು ಮೆಣಸಿನಕಾಯಿಯ ಘಾಟಿಗೆ ಬಂದದ್ದು ಅಂತ ಗಂಡನಿಗೆ ಹೇಳಿದೆ. ಅಷ್ಟರಲ್ಲಿ ಹಿಂದಿನ ಗೋಡೆ ಧಡ್ ಅಂತು. ಮತ್ತೆ ಧಡ್! ಮೇಲಿನ ಸುಣ್ಣ, ಗಾರೆ ಎಲ್ಲ ಉದುರಿ ನೇರ ತೊವ್ವೆಯ ಪಾತ್ರೆಗೆ ಬಿತ್ತು.

"ಭಾವಾ!" ಅಂತ ಕಿರುಚಿದೆ. "ಏನ್ ಮಾಡ್ತಿದ್ದೀರಿ ಅಲ್ಲಿ? ನನ್ನ ಕೊನೇ ಅಡುಗೆಗೂ ಮಣ್ಣು ಹಾಕಿದ್ರಲ್ಲ! ನಿಮ್ಮ ಮಹಾಸಂಘಕ್ಕೆ ಬೆಂಕಿ ಬೀಳ! ಇನ್ನೂ ಶೆಲ್ಫು ಬೇಕಾ ನಿಮಗೆ, ಗಿಂಡಿ ಜೋಡಿಸೋಕೆ?"

ಮತ್ತೆರಡು ಏಟು. ಒಂದು ಇಟ್ಟಿಗೆ ಕಳಚಿ ನನ್ನ ಕಾಲ ಬುಡಕ್ಕೆ ಬಂತು. ಆ ತೂತಿನಲ್ಲಿ ಮೊದಲು ತರಕಾರಿಯವನ ಹಾರೆ ಕಾಣಿಸಿತು, ಆಮೇಲೆ ಭಾವನವರ ಮುಖ. ಪೇಟವಿಲ್ಲ, ಶಾಲಿಲ್ಲ. ಹುಬ್ಬು, ಮೀಸೆ ಎಲ್ಲ ಸುಣ್ಣ. ಬೈಯುವುದಕ್ಕೆ ಇನ್ನೂ ಬೇಕಾದಷ್ಟು ಉಳಿದಿತ್ತು. ಬಾಯಿ ತೆರೆದವಳು ಆ ಮುಖದ ಹಿಂದೆ ನೋಡಿದೆ. ಶೆಲ್ಫುಗಳಿಲ್ಲ. ಗಿಂಡಿಗಳಿಲ್ಲ. ಅನ್ನಪೂರ್ಣೆಯರಿಲ್ಲ. ಅವರು ಅಷ್ಟು ವರ್ಷ ಕೂತಿದ್ದ ಗಲ್ಲಾಪೆಟ್ಟಿಗೆಯ ಪಕ್ಕದ ಮಣೆಯೂ ಇಲ್ಲ. ಖಾಲಿ ಜಾಗದ ಆಚೆಗೆ ಹಿಂದಿನ ಗಲ್ಲಿಯಲ್ಲಿ ಒಂದು ಸೈಕಲ್ಲು ಹೋದದ್ದು ಕಾಣಿಸಿತು.

"ಭಾವ, ಅಂಗಡಿ?" ಅಂದೆ.

"ಇಲ್ಲೇ ಬಾಗಿಲು ಬರುತ್ತೆ" ಅಂದರು. "ನಾಳೆ ಅವರು ಬರೋದರೊಳಗೆ ಚೌಕಟ್ಟು ನಿಲ್ಲಿಸಿಬಿಡಬೇಕು. ನೀನು ಆ ಪಾತ್ರೆ ಪಕ್ಕಕ್ಕೆ ಎತ್ತಿಡು."

"ನಿಮ್ಮ ಸಂಘ?"

"ಅಂಗಡಿ ಇಲ್ಲದವನು ಯಾವ ಸೀಮೆ ವರ್ತಕ? ನಿನ್ನೆ ರಾಜೀನಾಮೆ ಕೊಟ್ಟುಬಿಟ್ಟೆ."

ಇಟ್ಟಿಗೆಯ ಆಚೆಗೆ ನಿಂತಿದ್ದ ತರಕಾರಿಯವನು ಮುಖ ತಿರುಗಿಸಿ ಹೆಗಲ ಮೇಲಿನ ಗಮಛಾದಿಂದ ಮೂಗೊರೆಸಿಕೊಂಡ. ನನಗೆ ಸಿಟ್ಟೇ ಬಂತು, ಬೇರೇನೂ ತೋಚದೆ. "ಇಷ್ಟೆಲ್ಲ ಯಾಕೆ ಭಾವ? ಅವತ್ತು ಅಲ್ಲೇ, ಆ ಕುರ್ಚಿಯಲ್ಲೇ ಕೂತು ಒಂದು ಮಾತು ನನಗೂ ಸಮಯ ಕೊಡಿ ಅಂದಿದ್ರೆ ಆಗ್ತಿತ್ತಲ್ಲ!"

ಭಾವ ತೂತಿನ ಅಂಚಿಗೆ ಕೈಯೂರಿ ನಿಂತರು. ಬೆರಳುಗಳು ಸಿಗಿದು ರಕ್ತ ಬಂದಿತ್ತು.

"ಅಲ್ಲಿ ಕೂತಿದ್ದವನು ಅಧ್ಯಕ್ಷ ಕಣಮ್ಮಾ. ಅವನಿಗೆ ನಿಯಮ ಇತ್ತು. ನಾನು ನಿನ್ನ ಭಾವ, ನನಗೇನು ನಿಯಮ?"

ನಾನು ಸೌಟು ಕೆಳಗಿಟ್ಟೆ. ಆ ತೂತಿನೊಳಗಿಂದಲೇ ಅವರ ಕೈ ಹಿಡಿದುಕೊಂಡು ಅತ್ತೆ, ಬೆಳಗಾವಿಯವರು ಬಾಗಿಲಲ್ಲಿ ಬಂದು ನಿಂತು "ಅಕ್ಕಾರ, ಏನಾತ್ರಿ?" ಅಂತ ಕೇಳುತ್ತಿದ್ದರೂ ಬಿಡದೆ ಅತ್ತೆ. ನನ್ನ ತಂದೆತಾಯಿಗೆ ನಾನು ಒಬ್ಬಳೇ ಮಗಳು. ನನಗೆ ಅಣ್ಣ ಇಲ್ಲ ಅಂತ ಆವತ್ತಿನವರೆಗೂ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ.